ಗೆಲ್ಲಿಸುವ ಟವೆಲು

ಕಬಡ್ಡಿ ಪಂದ್ಯದ ಕೊನೆಯ ರೈಡ್. ನಮ್ಮೂರ ತಂಡ ಒಂದು ಅಂಕ ಹಿಂದಿತ್ತು. ಪದ್ಧತಿಯಂತೆ ಗ್ಯಾಲರಿಯವರೆಲ್ಲ ಎದ್ದು ಟವೆಲು ಬೀಸತೊಡಗಿದರು. ನಾನೊಬ್ಬನೇ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಕೂತಿದ್ದೆ.

"ಏಳ್ರೀ," ಎಂದರು ಪಕ್ಕದವರು. "ಎಲ್ರೂ ಬೀಸಿದ್ರೇನೇ ಗೆಲ್ಲೋದು."

"ಆಗಲ್ಲ ಸಾರ್."

"ಸೋತ್ರೆ ನಿಮ್ಮಿಂದ್ಲೇ, ನೋಡಿ."

ಹಲಗೆಯ ಮೊಳೆಗೆ ಸಿಕ್ಕಿ ಪ್ಯಾಂಟು ಹಿಂದೆ ಹರಿದಿದೆಯೆಂದು ಹೇಳಲು ನಾಚಿಕೆಯಾಯಿತು. ಅಷ್ಟರಲ್ಲಿ ನಮ್ಮ ಆಟಗಾರ ಇಬ್ಬರನ್ನು ಔಟ್ ಮಾಡಿ ಬಂದ. ಗೆದ್ದೆವು. ಪಕ್ಕದವರು ಮಾತ್ರ ನನ್ನ ಸೊಂಟವನ್ನೇ ನೋಡುತ್ತಿದ್ದರು.

ಮುಂದಿನ ಭಾನುವಾರ ಹೊಸ ಪ್ಯಾಂಟು ಹಾಕಿಕೊಂಡು ಹೋದೆ. ಕೊನೆಯ ರೈಡ್‌ಗೆ ಎಲ್ಲರಿಗಿಂತ ಮೊದಲು ಎದ್ದು ಟವೆಲು ಬೀಸಿದೆ.

"ಕೂತ್ಕೊಳ್ರೀ, ಸೋಲಿಸ್ಬಿಡ್ತೀರ," ಎಂದರು ಹಿಂದಿನವರು.

ತಿರುಗಿ ನೋಡಿದರೆ, ಗ್ಯಾಲರಿ ತುಂಬ ಎಲ್ಲರೂ ಸೊಂಟಕ್ಕೆ ಟವೆಲು ಸುತ್ತಿಕೊಂಡು ಕೂತಿದ್ದರು.