ಬಾಮೈದ ಹಿಡಿದ ಹಗ್ಗ

ಆ ಬೆಳಗ್ಗೆ ಜೇನುಬಂಡೆಯ ಸುತ್ತ ಕವಿದಿದ್ದ ಮಂಜು ಇನ್ನೂ ಕರಗಿರಲಿಲ್ಲ. ಜೇನು ಕೀಳಲು ಬಂದಿದ್ದ ಜಡೆಯ, ಬೆಟ್ಟದಪ್ಪನಿಗೆ ಕೈಮುಗಿದು ಬಳ್ಳಿಹಗ್ಗ ಹಿಡಿದು ಅಂಚಿನಿಂದ ಇಳಿದ. ಮೇಲೆ ಹಗ್ಗ ಕಾಯುತ್ತಿದ್ದವನು ಹೆಂಡತಿಯ ತಮ್ಮ ಕೇತ. ಅಕ್ಕ ವಿಧವೆಯಾದಾಳೆಂದು ಬಾಮೈದ ಹಗ್ಗ ಬಿಡುವುದಿಲ್ಲ. ಅದಕ್ಕೇ ಆ ಕಾವಲು ಅವನದೆಂಬುದು ಬೆಟ್ಟದ ಕಟ್ಟಳೆ. ಬಂಡೆ ಯಾವ ಕುಲದ್ದೆಂದು ಜಡೆಯನ ಹಾಡಿಯವರೂ ಹೆಂಡತಿಯ ಹಾಡಿಯವರೂ ಹೊಡೆದಾಡಿಕೊಂಡ ಮೇಲೆ ಅವಳು ತವರಲ್ಲೇ ಉಳಿದಿದ್ದಳು. ಆದರೂ ಕೇತ ಕರೆದೊಡನೆ ಬಂದಿದ್ದ.

ಜಡೆಯ ನಡುಬಂಡೆಯಲ್ಲಿ ತೂಗುತ್ತಿದ್ದಾಗ ಮೇಲಿನಿಂದ ಕೇತನ ದೊಡ್ಡಪ್ಪನ ದನಿ ಕೇಳಿಸಿತು.

“ಬುಡ್ಲಾ ಹಗ್ಗವ! ನಮ್ ಕುಲದ ಜೇನು ಕದಿಯೋನ್ಗೆ ನೀನು ಕಾವಲಾ?”

“ಬುಡಾಕಿಲ್ಲ ದೊಡ್ಡಪ್ಪಾ. ನೀನು ಅತ್ಲಾಗೆ ಹೋಗು.”

ಜಡೆಯನ ಕಣ್ಣು ತುಂಬಿ ಬಂತು. ಮೇಲೆ ಹತ್ತಿದವನೇ ಜೇನುಹುಟ್ಟಿನ ಮೊದಲ ತುಂಡನ್ನು ಬಾಮೈದನ ಮುಂದೆ ಚಾಚಿದ.

“ತಗೋ, ನಿನ್ನಕ್ಕಂಗೂ ಒಯ್ಯಿ. ಕುಲ ಕೆಟ್ರೂ ನೀನು ಕೆಡ್ನಿಲ್ಲ ಕನಪ್ಪಾ.”

ಕೇತ ಅದನ್ನು ಮುಟ್ಟಲಿಲ್ಲ. ಸೊಂಟದ ಗಂಟು ಬಿಚ್ಚಿ, ಅಕ್ಕನ ಮದುವೆಯ ಕರಿಮಣಿ ಸರವನ್ನು ಬಾವನ ಅಂಗೈಯಲ್ಲಿ ಮೆಲ್ಲಗೆ ಇಟ್ಟ.

“ಗಂಡ ಬದುಕಿದ್ದು, ಸರವ ಕೈಯಾರೆ ಈಸ್ಕೊಂಡ್ರೇಯ ಹೆಣ್ಗೆ ಬಿಡುಗಡೆ, ಬಾವ. ನಾಳೆ ಅಕ್ಕನ್ನ ನಮ್ ಹಾಡಿಯೋನ್ಗೆ ಕೊಡ್ತಾವ್ರೆ.”