ಜವರಪ್ಪನವರ ಎರಡು ನೆಗೆತ

ಚಂದ್ರನ ಮೇಲೆ, ಗಾಳಿ ತುಂಬಿದ ಒಳಾಂಗಣದಲ್ಲಿ ಆಡಿದ ಮೊದಲ ಕಬಡ್ಡಿ ಪಂದ್ಯದಲ್ಲೇ ಜವರಪ್ಪನವರ ಮಾನ ಹೋಗಿತ್ತು. ಭೂಮಿಯಲ್ಲಿ ಹನ್ನೊಂದು ವರ್ಷ ಹೆಸರು ಮಾಡಿದ್ದ ರೈಡರ್ ಅವರು. ಇಲ್ಲಿಯೂ ರೂಢಿಯಂತೆ ಎದುರಾಳಿಯ ತಲೆಯ ಮೇಲಿಂದ ನೆಗೆದರು. ಮೇಲೆ ಹೋದವರು ಬೇಗ ಇಳಿಯಲಿಲ್ಲ. ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಬೂರುಗದ ಹತ್ತಿಯಂತೆ ತೇಲಿ ಬರುವಷ್ಟರಲ್ಲಿ, ಕೆಳಗೆ ಏಳು ಜನ ಕೈ ಚಾಚಿಕೊಂಡು ನಗುತ್ತ ಕಾಯುತ್ತಿದ್ದರು.

ಈಗ ಅವರು ಹೆಂಗಸರ ತಂಡದ ಕೋಚ್. ಕಲಿಸುವುದು ಒಂದೇ ಪಾಠ: “ಎಗರ್‌ಬ್ಯಾಡಿ ಕಣ್ರವ್ವಾ, ನೆಲಕ್ಕೆ ಅಂಟ್ಕೊಂಡಿರಿ.” ಎಲ್ಲ ಕೋಚುಗಳಂತೆ ತಾವೂ ಬೆಂಚಿಗೆ ಬೆಲ್ಟು ಕಟ್ಟಿಕೊಂಡೇ ಕೂರುತ್ತಾರೆ.

ಫೈನಲ್ ಪಂದ್ಯದ ಕೊನೆಯ ರೈಡಿಗೆ ಅವರ ತಂಡದ ಮಾದೇವಿ ಹೋದಾಗ ಅಂಕ ಸಮವಾಗಿತ್ತು. ಅವಳು ಬಗ್ಗಿ ಒಬ್ಬಳ ಹೆಬ್ಬೆರಳು ಮುಟ್ಟಿದ್ದೇ ತಡ, ನಾಲ್ವರು ಒಟ್ಟಿಗೆ ಅವಳ ಮೇಲೆ ಹಾರಿದರು. ಮಾದೇವಿ ನೆಲಕ್ಕೆ ಬಿದ್ದು, ಹಲ್ಲಿಯಂತೆ ಅವರ ಅಡಿಯಲ್ಲೇ ತೆವಳಿ ನಡುಗೆರೆಗೆ ಕೈ ಹಚ್ಚಿದಳು. ಹಾರಿದವರು ಇನ್ನೂ ಗಾಳಿಯಲ್ಲೇ ಇದ್ದರು.

“ಗೆದ್‌ಬುಟ್ಲು!” ಜವರಪ್ಪ ಬೆಲ್ಟು ಬಿಚ್ಚಿ ನೆಗೆದೇಬಿಟ್ಟರು. ಕೈ ಹೋಗಿ ಚಾವಣಿಗೆ ತಾಗಿತು.

“ಮೇಷ್ಟ್ರೇ, ಎಗರ್‌ಬ್ಯಾಡಿ ಅಂತ ನೀವೇ ಯೋಳಿದ್ರಲ್ಲಾ!” ಕೆಳಗಿಂದ ಮಾದೇವಿ ಕೂಗಿದಳು.

“ಮರ್ತೋಯ್ತು ಕಣವ್ವಾ!”

ಮೆಲ್ಲಗೆ ಇಳಿಯುತ್ತಿದ್ದಂತೆ ಅವರ ಬಾಯಿಗೆ ‘ಕಬಡ್ಡಿ ಕಬಡ್ಡಿ’ ತಾನಾಗಿ ಬಂತು. ಕೆಳಗೆ ಏಳು ಜನ ಕೈ ಚಾಚಿಕೊಂಡು ನಗುತ್ತ ಕಾಯುತ್ತಿದ್ದರು. ಈ ಸಲ ಏಳೂ ಜನ ಅವರದೇ ಹುಡುಗಿಯರು.