ಕೋಟಿನ ತೋಳು

ಡಾಕ್ಟರರ ಬಿಳಿ ಕೋಟಿನ ತೋಳು ಬಾಣಂತಿಯ ಹೊಲಿಗೆಗೆ ತಾಗಿತು. ಸಿಸ್ಟರ್ ಕಣ್ಣಾರೆ ಕಂಡಳು. ಬಾಯಿ ಬಿಡಲಿಲ್ಲ.

ಬಿಟ್ಟರೆ ಏನಾಗುತ್ತದೆಂದು ಗೊತ್ತಿತ್ತು. ರಜೆಗೆ, ಪಾಳಿಗೆ, ಕೊನೆಗೆ ಕೆಲಸ ಉಳಿಯುವುದಕ್ಕೂ ಆ ಮನುಷ್ಯನ ಕೃಪೆ ಬೇಕು. ಕೋಟೋ, ನೀರು ಕಂಡು ಯಾವ ಕಾಲವಾಗಿತ್ತೋ. ತೋಳಿನ ಅಂಚು ಕಂದುಗಟ್ಟಿತ್ತು. ಇತ್ತ ವಾರ್ಡಿನಲ್ಲಿ ಒಬ್ಬರಾದ ಮೇಲೊಬ್ಬರ ಹೊಲಿಗೆ ಕೀವಾಗುತ್ತಿತ್ತು. ಕಿಟಕಿ ತೆರೆಯದ ಆ ಉದ್ದನೆಯ ಕೋಣೆಯಲ್ಲಿ ಮಲಗಿದವರಿಗೆ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಅವಳಿಗೂ ಇರಲಿಲ್ಲ.

"ಸಿಸ್ಟರ್, ಮಗೂನ ಯಾವಾಗ ಕೊಡ್ತೀರಾ?" ಬಾಣಂತಿ ದಿನಾ ಕೇಳುತ್ತಿದ್ದಳು. ಅವಳಿಗೆ ಜ್ವರವೆಂದು ಮಗುವನ್ನು ಬೇರೆಡೆ ಇಟ್ಟಿದ್ದರು.

"ಇನ್ನೇನು, ಸ್ವಲ್ಪ ತಡಿಯಮ್ಮಾ," ಎನ್ನುತ್ತ ಸಿಸ್ಟರ್ ಅವಳನ್ನು ತನಗೆ ಒರಗಿಸಿಕೊಂಡು ಎಬ್ಬಿಸಿ ಕೂರಿಸುತ್ತಿದ್ದಳು.

ಮನೆಗೆ ಹೋದರೆ ಅಲ್ಲೂ ಬಾಗಿಲಲ್ಲೇ ತಡೆ. "ಆಸ್ಪತ್ರೆ ಬಟ್ಟೇಲಿ ಒಳಗೆ ಬರ್ಬೇಡಮ್ಮಾ, ನನಗೆ ಮೊದಲೇ ಸಕ್ಕರೆ ಕಾಯಿಲೆ," ಎಂದು ಅತ್ತೆ ಮಂಚದಿಂದಲೇ ಕೂಗುತ್ತಿದ್ದರು. ಅದರಲ್ಲಿ ತಪ್ಪೇನೂ ಕಾಣಲಿಲ್ಲ ಅವಳಿಗೆ. ಹಿಂದಿನ ಬಚ್ಚಲಲ್ಲಿ ಬಟ್ಟೆ ಬಿಚ್ಚಿ, ಕುದಿನೀರಲ್ಲಿ ನೆನೆಹಾಕಿ, ಸ್ನಾನ ಮಾಡಿಯೇ ಒಳಗೆ ಕಾಲಿಡುತ್ತಿದ್ದಳು. ಬೆಳಿಗ್ಗೆ ಉಸಿರಾಡಲೂ ಪುರುಸೊತ್ತಿಲ್ಲ. ಅಡುಗೆ ಮುಗಿಸಿ, ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಅತ್ತೆಯ ಪಾದ ಮಡಿಲಲ್ಲಿಟ್ಟುಕೊಂಡು ಹುಣ್ಣಿನ ಪಟ್ಟಿ ಬದಲಿಸಿ ಬಸ್ಸಿಗೆ ಓಡಬೇಕು. "ಆ ಡಾಕ್ಟರ ತಂಟೆ ಮಾತ್ರ ಬೇಡ, ಹುಷಾರು," ಎಂದು ಗಂಡ ಹಿಂದಿನಿಂದ ಎಚ್ಚರಿಸುತ್ತಿದ್ದ.

ಬಾಣಂತಿಗೆ ಮೈ ಕೆಂಡವಾಗಿ ಪ್ರಜ್ಞೆ ತಪ್ಪಿತು. ಅವಳನ್ನು ತೀವ್ರ ನಿಗಾ ಘಟಕಕ್ಕೆ ತಳ್ಳಿಕೊಂಡು ಹೋದ ದಿನ ಸಿಸ್ಟರ್ ಆದದ್ದಾಗಲಿ ಎಂದು ಮೇಲ್ವಿಚಾರಕಿಯ ಬಾಗಿಲು ತಟ್ಟಿದಳು.

"ಎಲ್ಲರ ಬಟ್ಟೆನೂ ಪರೀಕ್ಷೆ ಮಾಡ್ಸಿ, ಮೇಡಂ. ನನ್ನದೂ ಸೇರಿಸಿ."

"ಡಾಕ್ಟರು ಒಪ್ಬೇಕಲ್ಲ?"

"ಮೊದಲೇ ಹೇಳಿದ್ರೆ ಹೊಸ ಕೋಟು ಹಾಕ್ಕೊಂಡು ಬರ್ತಾರೆ. ಹೇಳ್ಬೇಡಿ. ಬೆಳಿಗ್ಗೆ ಬಂದ ಕೂಡ್ಲೇ ಗೇಟಲ್ಲೇ ಹಿಡೀರಿ."

ಹಾಗೆಯೇ ಆಯಿತು. ಗೇಟಿನಲ್ಲಿ ಸಾಲು ನಿಲ್ಲಿಸಿ ಲ್ಯಾಬಿನವರು ಒಬ್ಬೊಬ್ಬರ ಬಟ್ಟೆಗೂ ಹತ್ತಿಕಡ್ಡಿ ಉಜ್ಜಿದರು. ಕೋಟು ತೊಟ್ಟೇ ಕಾರಿಳಿದ ಡಾಕ್ಟರು ತೋಳು ಚಾಚಿದರು. ಕಣ್ಣು ಮಾತ್ರ ಸಿಸ್ಟರನ್ನೇ ಸುಡುತ್ತಿತ್ತು. ಯಾರ ಕಿತಾಪತಿಯೆಂದು ಅವರಿಗೆ ತಿಳಿದುಹೋಗಿತ್ತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಫಲಿತಾಂಶ ಬಂದಾಗ ಲ್ಯಾಬಿನ ಹುಡುಗಿ ಅವಳೊಬ್ಬಳನ್ನೇ ಕರೆದು ಬಾಗಿಲಿಗೆ ಚಿಲಕ ಹಾಕಿದಳು. ಆ ಇಕ್ಕಟ್ಟಿನ ಕೋಣೆಯಲ್ಲಿ ಇಬ್ಬರು ನಿಲ್ಲುವುದೇ ಕಷ್ಟ.

"ಸಿಕ್ತಾ?" ಸಿಸ್ಟರ್ ಕೇಳಿದಳು.

"ಸಿಕ್ತು ಅಕ್ಕಾ. ಬಾಣಂತಿ ಕೀವಲ್ಲಿ ಇದ್ದ ರೋಗಾಣುವೇ."

"ನನಗೆ ಗೊತ್ತಿತ್ತು! ಆ ಕೋಟು..."

"ಕೋಟಲ್ಲಿ ಬೇಕಾದಷ್ಟು ಕೊಳಕಿದೆ. ಇದೊಂದಿಲ್ಲ." ಹುಡುಗಿ ತಲೆ ತಗ್ಗಿಸಿದಳು. "ಇದು ಇರೋದು ನಿಮ್ಮ ಬಟ್ಟೇಲಿ. ಮುಂದುಗಡೆ, ಮಡಿಲ ಹತ್ರ."

ಸಿಸ್ಟರಿಗೆ ನಗು ಬಂದಂತಾಯಿತು. "ವಾರ್ಡಿಂದ ಅಂಟಿರುತ್ತೆ ಕಣೇ. ದಿನವಿಡೀ ಅವರನ್ನ ಎತ್ತಿ ಇಳಿಸೋಳು ನಾನೇ."

"ಆ ದಿನ ನೀವಿನ್ನೂ ವಾರ್ಡಿಗೇ ಹೋಗಿರ್ಲಿಲ್ಲ ಅಕ್ಕಾ. ಒಗೆದ ಬಟ್ಟೆ ಹಾಕ್ಕೊಂಡು ಮನೆಯಿಂದ ನೇರ ಬಂದಿದ್ರಿ." ಹುಡುಗಿಯ ದನಿ ಇನ್ನೂ ಇಳಿಯಿತು. "ಮನೇಲಿ ಯಾರಿಗಾದ್ರೂ ವಾಸಿಯಾಗದ ಹುಣ್ಣು ಇದೆಯಾ?"

ಸಿಸ್ಟರ್ ಬಗ್ಗಿ ತನ್ನ ಮಡಿಲು ನೋಡಿಕೊಂಡಳು. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು.

"ಇದೆ," ಎಂದಳು. "ದಿನಾ ಬೆಳಿಗ್ಗೆ, ಇದೇ ಬಟ್ಟೇಲಿ, ನಾನೇ ಪಟ್ಟಿ ಕಟ್ಟಿ ಬರ್ತೀನಿ."